ಲಕ್ಷದ ಮೇಲೆ ಮೂರು

ನನ್ನನ್ನು ನೋಡಲು ಬಂದ ಹುಡುಗ ನನಗಿಂತ ಮೊದಲು ನೋಡಿದ್ದು ಅಜ್ಜಿಯ ಬಿಸ್ಕಿಟ್ ಡಬ್ಬಿಯನ್ನು. ತಪ್ಪು ಅವರದಲ್ಲ. ಶಿರ್ತಾಡಿಯ ನಮ್ಮ ಮನೆಗೆ ಯಾರೇ ಬರಲಿ, ಬೆಲ್ಲ ನೀರು ಕೊಟ್ಟಾದ ಕೂಡಲೇ ಅಜ್ಜಿ ತೋರಿಸುತ್ತಿದ್ದದ್ದು ಆ ಡಬ್ಬಿಯನ್ನೇ.

ಅದು ಅರವತ್ತೆರಡನೇ ಇಸವಿಯ ಫೆಬ್ರವರಿ. ಎಂಟು ಗ್ರಹಗಳು ಒಂದೇ ರಾಶಿಯಲ್ಲಿ ಸೇರುತ್ತವೆ, ಲೋಕ ಮುಳುಗುತ್ತದೆ ಎಂದು ಜೋಯಿಸರು ಹೆದರಿಸಿದ್ದರು. ಗ್ರಹಗಳು ಸೇರಿದವು, ಲೋಕ ಮುಳುಗಲಿಲ್ಲ. ಆ ಭಯಕ್ಕೆ ತಡೆದು ನಿಂತಿದ್ದ ಮದುವೆ ಮಾತುಕತೆಗಳೆಲ್ಲ ಒಮ್ಮೆಲೇ ಹೊರಬಿದ್ದವು. ಸಾಯದೆ ಉಳಿದೆವಲ್ಲ ಎಂಬ ಖುಷಿಗೆ ಊರಿಗೆ ಊರೇ ಸ್ವಲ್ಪ ಅಮಲೇರಿದಂತೆ ಓಡಾಡುತ್ತಿತ್ತು. ನಾನು ಮಂಗಳೂರಿನಲ್ಲಿ ಬಿ.ಎಸ್ಸಿ. ಮುಗಿಸಿ ಮೂಡುಬಿದಿರೆಯ ಒಂದು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಿದ್ದೆ. ಬಂದ ಹುಡುಗ ನಿತ್ಯಾನಂದರು ಬೆಳ್ತಂಗಡಿಯಲ್ಲಿ ಗಣಿತದ ಮೇಷ್ಟ್ರು, ಮನೆ ವಾಮದಪದವಿನಲ್ಲಿ. ಜೊತೆಗೆ ಅವರ ತಾಯಿ ಪ್ರೇಮಾವತಿಯವರು ಬಂದಿದ್ದರು. ನಮ್ಮ ಕಡೆಯಿಂದ ಚಾವಡಿಯಲ್ಲಿ ಕುಳಿತವರು ನನ್ನ ಸೋದರಮಾವ ಶೀನಪ್ಪ ಮತ್ತು ಮಾವನನ್ನೂ ನಮ್ಮೆಲ್ಲರನ್ನೂ ಆಳುತ್ತಿದ್ದ ನೀಲಾವತಿ ಅಜ್ಜಿ. ನಾನು ಒಳಬಾಗಿಲ ಮರೆಯಲ್ಲಿದ್ದೆ.

ಡಬ್ಬಿಯೊಳಗೆ ಇದ್ದದ್ದು ಅಕ್ಕಿ. ನನಗೆ ಒಂಬತ್ತು ವರ್ಷವಾಗಿದ್ದಾಗ ಟೈಫಾಯಿಡ್ ಬಂದು, ಇನ್ನು ಆಸೆಯಿಲ್ಲ ಎಂದು ಡಾಕ್ಟರೇ ಕೈಚೆಲ್ಲಿದಾಗ, ಅಜ್ಜಿ ಹರಕೆ ಹೊತ್ತರಂತೆ. ಹುಡುಗಿ ಉಳಿದರೆ ಅವಳ ಮದುವೆಯ ಸೇಸೆಗೆ, ಎಂದರೆ ಮದುಮಕ್ಕಳ ತಲೆಯ ಮೇಲೆ ಹಿರಿಯರು ಹಾಕುವ ಅಕ್ಕಿಗೆ, ಲಕ್ಷದ ಒಂದು ಕಾಳು ನಾನೇ ಎಣಿಸಿ ಇಡುತ್ತೇನೆ ಎಂದು. ನಾನು ಉಳಿದೆ. ಅಜ್ಜಿ ದಿನಾ ಸಂಜೆ ಹಿತ್ತಾಳೆ ಹರಿವಾಣ ತೊಡೆಯ ಮೇಲಿಟ್ಟುಕೊಂಡು, ತುಂಡಾಗದ ಬಿಳಿ ಬೆಳ್ತಿಗೆ ಅಕ್ಕಿಯನ್ನು ನೂರು ನೂರರ ಗುಡ್ಡೆ ಮಾಡಿ ಎಣಿಸಿದರು. ಸಾವಿರವಾದಾಗಲೆಲ್ಲ ಒಂದು ಹುಣಿಸೆ ಬೀಜವನ್ನು ತೆಂಗಿನ ಗೆರಟೆಗೆ ಹಾಕಿದರು. ನಾನು ಎಸ್ಸೆಸ್ಸೆಲ್ಸಿ ಪಾಸಾಗುವ ಹೊತ್ತಿಗೆ ಗೆರಟೆಯಲ್ಲಿ ನೂರು ಬೀಜ ತುಂಬಿತು. ಕೊನೆಯ ಒಂದು ಕಾಳನ್ನು ದೇವರ ದೀಪದ ಎದುರು ಇಟ್ಟು, ಕೈಮುಗಿದು, ಡಬ್ಬಿಗೆ ಸೇರಿಸಿದರು.

"ಈ ಕೊನೆಯ ಒಂದು ಎಂತಕ್ಕೆ ಗೊತ್ತುಂಟಾ?" ಎಂದು ಅಜ್ಜಿ ಬಂದವರನ್ನು ಕೇಳಿದರು. ಉತ್ತರವನ್ನೂ ಅವರೇ ಹೇಳಬೇಕಾದ ಪ್ರಶ್ನೆ ಅದು. "ಬರೀ ಲಕ್ಷ ಆದರೆ ಇಬ್ಬರೂ ಪಾಲು ಮಾಡಬಹುದು, ಹತ್ತು ಜನವೂ ಪಾಲು ಮಾಡಬಹುದು. ಒಂದು ಸೇರಿಸಿದರೆ ಮುಗೀತು. ಯಾರ ಅಪ್ಪನಿಗೂ ಪಾಲು ಮಾಡ್ಲಿಕ್ಕೆ ಆಗುವುದಿಲ್ಲ. ಉಡುಗೊರೆ ನೂರರ ಮೇಲೆ ಒಂದು ಹಾಕಿ ಕೊಡುವುದು ಮತ್ತೆ ಎಂತಕ್ಕೆ? ಪಾಲಾಗದ ಅಕ್ಕಿ ಬಿದ್ದ ಎರಡು ತಲೆ ಬೇರೆ ಆಗುವುದಿಲ್ಲ."

ಎಲ್ಲರೂ ತಲೆಯಾಡಿಸುವ ಜಾಗ ಇದು. ಶೀನಪ್ಪ ಮಾವ ಆಡಿಸಿದರು, ಪ್ರೇಮಾವತಿಯವರು ಆಡಿಸಿದರು. ನಿತ್ಯಾನಂದರ ತುಟಿಗಳು ಮಾತ್ರ ಸದ್ದಿಲ್ಲದೆ ಅಲುಗುತ್ತಿದ್ದವು. ಪ್ರೇಮಾವತಿಯವರಿಗೆ ಮಗನ ಈ ಕಾಯಿಲೆಯ ಪರಿಚಯ ಇತ್ತೆಂದು ಕಾಣುತ್ತದೆ. ಅವರ ಕೈ ನಿಧಾನವಾಗಿ ಮಗನ ತೊಡೆಯ ಕಡೆಗೆ ಸರಿದು, ಪಂಚೆಯ ಮೇಲಿನಿಂದಲೇ ಬಲವಾಗಿ ಚಿವುಟಿದ್ದನ್ನು ನಾನು ಕಂಡೆ.

"ಹನ್ನೊಂದು," ಎಂದರು ನಿತ್ಯಾನಂದರು.

"ಎಂತ ಹನ್ನೊಂದು?"

"ಹನ್ನೊಂದರಿಂದ ಭಾಗ ಹೋಗ್ತದೆ ಅಜ್ಜಿ. ಒಬ್ಬೊಬ್ಬರಿಗೆ ಒಂಬತ್ತು ಸಾವಿರದ ತೊಂಬತ್ತೊಂದು."

ನಾನು ಬಾಗಿಲ ಹಿಂದೆ ಬೆರಳಿನಿಂದ ಗೋಡೆಯ ಮೇಲೆ ಬರೆದು ನೋಡಿದೆ. ಒಂದು, ನಾಲ್ಕು ಸೊನ್ನೆ, ಒಂದು. ಒಂದು ಬಿಟ್ಟು ಒಂದು ಅಂಕಿ ಕೂಡಿಸಿದರೆ ಈಚೆಗೂ ಒಂದು, ಆಚೆಗೂ ಒಂದು. ಎರಡೂ ಸಮ. ಹನ್ನೊಂದರಿಂದ ಹೋಗಲೇಬೇಕು. ನಾನು ಬಿ.ಎಸ್ಸಿ. ಓದಿದವಳು, ಅಷ್ಟು ವರ್ಷ ಆ ಡಬ್ಬಿ ಇಟ್ಟ ಹಲಗೆಯ ಕೆಳಗೇ ಮಲಗಿದವಳು, ಒಂದು ದಿನವೂ ಭಾಗಿಸಿ ನೋಡಿರಲಿಲ್ಲ.

"ಹನ್ನೊಂದು ಕಳ್ಳರು ಬಂದು ನನ್ನ ಅಕ್ಕಿ ಪಾಲು ಮಾಡಿಕೊಂಡು ಹೋಗಬಹುದು ಅಂತಲೋ?" ಅಜ್ಜಿ ಕೇಳಿದರು.

"ಒಂದು ಕಾಳೂ ಉಳಿಯದ ಹಾಗೆ."

"ಚಾರ್ಮಾಡಿ ಘಾಟಿಯಲ್ಲಿ ಈಗ ರಸ್ತೆ ಹೇಗುಂಟು?" ಎಂದು ಶೀನಪ್ಪ ಮಾವ ಪ್ರೇಮಾವತಿಯವರನ್ನು ಕೇಳಿದರು. ಅವರು ಘಾಟಿ ಹತ್ತಿದವರೇ ಅಲ್ಲ. ಆದರೂ "ಚೆನ್ನಾಗುಂಟು, ಭಾರೀ ಚೆನ್ನಾಗುಂಟು," ಎಂದರು.

ಅಜ್ಜಿ ರಸ್ತೆಯನ್ನು ಬದಿಗೆ ಸರಿಸಿದರು. "ಹಾಗಾದರೆ ಪಾಲಾಗದ್ದು ಯಾವುದು? ನೀವೇ ಹೇಳಿ ಮೇಷ್ಟ್ರೇ."

ನಿತ್ಯಾನಂದರು ಕಣ್ಣು ಮುಚ್ಚಿದರು. "ಲಕ್ಷದ ಎರಡು ಸರಿಸಂಖ್ಯೆ, ಅದು ಬೇಡ. ಲಕ್ಷದ ಮೂರು..." ಸ್ವಲ್ಪ ಹೊತ್ತು ತುಟಿ ಅಲುಗಿತು. "ಲಕ್ಷದ ಮೂರು ಪಾಲಾಗುವುದಿಲ್ಲ ಅಂತ ಕಾಣ್ತದೆ."

"ಶುಭಕಾರ್ಯಕ್ಕೆ ಕೊನೆಯಲ್ಲಿ ಮೂರಾ?"

"ಮೂರಲ್ಲ ಅಜ್ಜಿ. ಒಂದು ನೀವು ಹಾಕಿದ್ದು ಉಂಟಲ್ಲ, ಅದು ಹಾಗೇ ಇರಲಿ. ಮತ್ತೆ ಎರಡು..." ಅವರ ಕಿವಿ ಕೆಂಪಾಯಿತು. "ಮತ್ತೆ ಎರಡು ನಾವು."

ಹುಡುಗಿಗೆ ಅಡಿಗೆ ಬರುತ್ತದೆಯೇ, ಹಾಡು ಬರುತ್ತದೆಯೇ ಎಂದು ಕೇಳಿ, ಅವಲಕ್ಕಿ ತಿಂದು, ಹೊಗಳಿ ಹೋದವರು ಮೊದಲು ಇಬ್ಬರು ಬಂದಿದ್ದರು. ಇವರು ತಾಯಿ ಚಿವುಟಿದರೂ ಹನ್ನೊಂದು ಎಂದಿದ್ದರು. ಮದುವೆಯಾದರೆ ಇವರನ್ನೇ ಎಂದು ನಾನು ಅಲ್ಲೇ, ಗೋಡೆಯ ಮೇಲೆ ಬೆರಳಿಟ್ಟುಕೊಂಡೇ, ನಿಶ್ಚಯಿಸಿಬಿಟ್ಟೆ.

ಅಜ್ಜಿಯ ನಿಶ್ಚಯ ಬೇರೆ ಇತ್ತು. "ನಿಶ್ಚಿತಾರ್ಥದ ವೀಳ್ಯ ಬದಲಾಯಿಸ್ಲಿಕ್ಕೆ ಇನ್ನು ಮೂರು ವಾರ ಉಂಟು. ಅಷ್ಟರೊಳಗೆ ಯಾರಾದರೂ ನಿಮ್ಮ ಈ ಲಕ್ಷದ ಮೂರನ್ನು ಪಾಲು ಮಾಡಿ ತೋರಿಸಿದರೆ ಈ ಸಂಬಂಧ ಬೇಡ. ನನ್ನ ಸಂಖ್ಯೆಯಲ್ಲಿ ಕುಂದು ಹುಡುಕಿದ್ದೀರಿ, ನಿಮ್ಮದು ಗಟ್ಟಿ ಇರಬೇಕು."

"ನಾನು ಇವತ್ತೇ ಭಾಗಿಸಿ..."

"ನೀವು ಭಾಗಿಸಿದ್ದು ನಡೆಯುವುದಿಲ್ಲ. ನೀವು ಗಂಡು." ಅಜ್ಜಿ ಬಾಗಿಲ ಕಡೆಗೆ ನೋಡಿದರು. "ಒಳಗೆ ನಿಂತು ಗೋಡೆ ಗೀರುವವಳದ್ದೂ ನಡೆಯುವುದಿಲ್ಲ. ಊರವರು ನೋಡಲಿ."

ಊರವರಿಗೆ ತಿಳಿಸಲು ಅಜ್ಜಿಗೆ ಡಂಗುರ ಬೇಕಾಗಿರಲಿಲ್ಲ. ಅಣ್ಣು ಇದ್ದ. ಮೂಡುಬಿದಿರೆಯಿಂದ ಶಿರ್ತಾಡಿ, ವೇಣೂರು ದಾಟಿ ಬೆಳ್ತಂಗಡಿಗೆ ಹೋಗುವ ಬಸ್ಸಿನ ಕಂಡಕ್ಟರ್. ಸೋಮವಾರ ಬೆಳಿಗ್ಗೆ ನಾನು ಶಾಲೆಗೆ ಹೊರಟು ನಿಂತಾಗ ಅಜ್ಜಿ ಗೇಟಿನ ತನಕ ಬಂದು ಅವನಿಗೆ ವಿಷಯ ಹೇಳಿದರು. ಬಸ್ಸು ಮೂಡುಬಿದಿರೆ ತಲುಪುವಷ್ಟರಲ್ಲಿ ಟಿಕೇಟುಗಳ ಹಿಂದೆಲ್ಲ ಲಕ್ಷದ ಮೂರು ಬರೆದಾಗಿತ್ತು. ಸಂಜೆಗೆ ಅದು ಬೆಳ್ತಂಗಡಿಗೆ ಮುಟ್ಟಿತು. ಅಲ್ಲಿಂದ ಬಂಟ್ವಾಳದ ಬಸ್ಸು ಹತ್ತಿತು. ಬಂಟ್ವಾಳದಿಂದ ಸಿದ್ದಕಟ್ಟೆಯ ದಾರಿಯಾಗಿ ಸುತ್ತು ಹಾಕಿ ಗುರುವಾರ ಮತ್ತೆ ಮೂಡುಬಿದಿರೆಗೆ ಬಂದಾಗ, ಪಾಲು ಮಾಡಿದವರಿಗೆ ನೀಲಾವತಿ ಅಮ್ಮ ಒಂದು ಎಮ್ಮೆ ಕೊಡುತ್ತಾರಂತೆ ಎಂಬ ಬಾಲವೂ ಅದಕ್ಕೆ ಹುಟ್ಟಿಕೊಂಡಿತ್ತು.

ನಾನು ಸುಮ್ಮನಿರಲಿಲ್ಲ. ಅಜ್ಜಿಗೆ ಬೇಡವಾದರೂ ನನಗೆ ಬೇಕಿತ್ತಲ್ಲ. ಎಲ್ಲ ಸಂಖ್ಯೆಗಳಿಂದಲೂ ಭಾಗಿಸಬೇಕಾಗಿಲ್ಲ. ಎರಡರಿಂದ ಹೋಗದ್ದು ನಾಲ್ಕರಿಂದಲೂ ಆರರಿಂದಲೂ ಹೋಗುವುದಿಲ್ಲ. ಹಾಗಾಗಿ ತಾವೂ ಪಾಲಾಗದ ಸಂಖ್ಯೆಗಳಿಂದ ಮಾತ್ರ ನೋಡಿದರೆ ಸಾಕು. ಅದೂ ಮುನ್ನೂರ ಹದಿನಾರರ ತನಕ. ಯಾಕೆಂದರೆ ಮುನ್ನೂರ ಹದಿನಾರು ಜನಕ್ಕಿಂತ ಹೆಚ್ಚು ಮಂದಿ ಸಮನಾಗಿ ಹಂಚಿಕೊಂಡರೆ, ಒಬ್ಬೊಬ್ಬರಿಗೆ ಸಿಗುವುದು ಮುನ್ನೂರ ಹದಿನಾರು ಅಥವಾ ಅದಕ್ಕೂ ಕಡಿಮೆ ಕಾಳು. ಆಗ ಜನರನ್ನು ಕಾಳು ಮಾಡಿ, ಕಾಳನ್ನು ಜನ ಮಾಡಿದರೆ ಅದೇ ಹಂಚಿಕೆ ಕೆಳಗಿನಿಂದಲೇ ಸಿಕ್ಕಿರಬೇಕು. ಲೆಕ್ಕ ಹಾಕಿದಾಗ ಭಾಗಿಸಬೇಕಾದವು ಒಟ್ಟು ಅರವತ್ತೈದು ಸಂಖ್ಯೆಗಳು. ಮಕ್ಕಳಿಗೆ ಆಮ್ಲಜನಕದ ಗುಣಗಳನ್ನು ಬರೆಯಲು ಕೊಟ್ಟು ನಾನು ಭಾಗಾಕಾರಕ್ಕೆ ಕುಳಿತೆ. ಏನಾದರೂ ಉಳಿಯಲಿ, ಒಂದಾದರೂ ಉಳಿಯಲಿ ಎಂದು ಹಾರೈಸುತ್ತ ಭಾಗಾಕಾರ ಮಾಡಿದವರು ಜಗತ್ತಿನಲ್ಲಿ ಹೆಚ್ಚು ಜನ ಇರಲಾರರು. ಎಲ್ಲ ಕಡೆಯೂ ಉಳಿಯಿತು. ಕೊನೆಯ ಮುನ್ನೂರ ಹದಿಮೂರರಲ್ಲಿ ನೂರ ಐವತ್ತಾರು ಉಳಿದಾಗ ನಾನು ಸೀಮೆಸುಣ್ಣ ಮೇಲಕ್ಕೆಸೆದು ಹಿಡಿದೆ. ಮುಂದಿನ ಬೆಂಚಿನ ಹುಡುಗಿಯರು ಬಾಯಿ ಬಿಟ್ಟು ನೋಡಿದರು. ಆಮ್ಲಜನಕದಲ್ಲಿ ಅಷ್ಟು ಸಂತೋಷಪಡುವಂಥದ್ದು ಏನಿದೆ ಎಂದು ಅವರಿಗೆ ಅರ್ಥವಾಗಿರಲಿಲ್ಲ.

ಆಗ ನನಗನಿಸಿದ್ದು ಇದು. ನಾವು ಯಾರೂ ಹುಟ್ಟುವ ಮೊದಲೂ ಲಕ್ಷದ ಮೂರು ಹೀಗೆಯೇ ಇತ್ತು. ಭತ್ತ ಬೆಳೆಯುವ ಮೊದಲೂ, ಗ್ರಹಗಳು ಎಂಟಾಗಿ ಕೂಡುವ ಮೊದಲೂ ಹೀಗೆಯೇ ಒಂಟಿಯಾಗಿ, ಯಾರಿಗೂ ಬಗ್ಗದೆ ನಿಂತಿತ್ತು. ನನ್ನ ಮದುವೆಯ ಗೊಡವೆ ಅದಕ್ಕೆ ಒಂದಿಷ್ಟೂ ಇರಲಿಲ್ಲ. ಆದರೂ ನಾನು ಅದಕ್ಕೆ ಮನಸ್ಸಿನಲ್ಲೇ ಕೈಮುಗಿದೆ.

ಸಂಜೆ ಬಸ್ಸಿನಲ್ಲಿ ಅಣ್ಣು ಒಂದು ಚೀಟಿ ಕೊಟ್ಟ. "ಬೆಳ್ತಂಗಡಿಯ ಮೇಷ್ಟ್ರು ಕೊಟ್ಟದ್ದು." ಬಿಡಿಸಿದರೆ ಎರಡೇ ಪದ: ಹದಿಮೂರು, ಏಳು. ಹದಿಮೂರರಿಂದ ಭಾಗಿಸಿದರೆ ಏಳು ಉಳಿಯುತ್ತದೆ ಎಂದರ್ಥ. ನಾನು ಹಿಂದೆಯೇ ಬರೆದು ಕಳಿಸಿದೆ: ಹದಿನೇಳು, ಒಂಬತ್ತು. ಮರುದಿನ ಹತ್ತೊಂಬತ್ತು, ಆರು ಬಂತು. ನಾನು ಇಪ್ಪತ್ತೊಂಬತ್ತು, ಹನ್ನೊಂದು ಕಳಿಸಿದೆ. ಒಂದು ದಿನ ಅರವತ್ತೊಂದು, ಇಪ್ಪತ್ತಮೂರು ಎಂದು ಬಂತು. ಅದು ಇಪ್ಪತ್ತನಾಲ್ಕಾಗಬೇಕು. ತಿದ್ದಿ ಕಳಿಸಿದೆ. "ಬೇಕೆಂದೇ ತಪ್ಪಿದ್ದು, ನೋಡುವವರಿದ್ದಾರೋ ಎಂದು ತಿಳಿಯಲು," ಎಂದು ಉತ್ತರ ಬಂತು. "ಸುಳ್ಳು," ಎಂದು ಬರೆದೆ. ಆಮೇಲೆ ಆ ಚೀಟಿಯನ್ನು ಹರಿದು, "ಸುಳ್ಳು" ಎಂದು ಇನ್ನೂ ಚೆಂದದ ಅಕ್ಷರದಲ್ಲಿ ಬರೆದು ಕೊಟ್ಟೆ.

"ಟೀಚರೇ, ಇದು ಪ್ರೇಮಪತ್ರವೋ ಅಥವಾ ರೇಷನ್ ಅಂಗಡಿಯ ತೂಕದ ಚೀಟಿಯೋ?" ಅಣ್ಣು ಕೇಳಿದ.

"ನೀನು ಓದಿದ್ದೆಂತಕ್ಕೆ ಮಾರಾಯ?"

"ಓದಿದ್ದು ಹೌದು. ಓದಿ ಎಂತ ಪ್ರಯೋಜನ? ಡ್ರೈವರಿಗೂ ತೋರಿಸಿದೆ, ಅವನಿಗೂ ಅರ್ಥ ಆಗಲಿಲ್ಲ."

ಈ ನಡುವೆ ಪಾಲು ಹುಡುಕಿದವರ ಸುದ್ದಿಗಳು ಅಣ್ಣುವಿನ ಬಾಯಲ್ಲೇ ಬರತೊಡಗಿದವು. ಅಜ್ಜಿ ಗೇಟಿನ ಬಳಿ ಕಾದು ನಿಂತು ಒಂದೊಂದನ್ನೇ ವಿಚಾರಿಸಿ ತೀರ್ಪು ಕೊಡುತ್ತಿದ್ದರು. ಬಸ್ಸು ನಿಲ್ಲಬೇಕಾದ ಜಾಗವಲ್ಲ ಅದು. ಆದರೆ ಒಳಗಿದ್ದವರೇ "ಸ್ವಲ್ಪ ನಿಲ್ಲಿಸು, ಎಂತ ಹೇಳ್ತಾರೆ ಕೇಳುವ," ಎನ್ನುತ್ತಿದ್ದರು.

"ಅಮ್ಮ, ಒಂದರಿಂದ ಹೋಗ್ತದಂತೆ! ಮೂಡುಬಿದಿರೆ ಹೋಟೆಲಿನಲ್ಲಿ ಒಬ್ಬರು ಹೇಳಿದರು."

"ಒಬ್ಬನೇ ಎಲ್ಲ ತಿಂದರೆ ಅದು ಪಾಲಾ? ಅವನ ತಲೆ."

"ಲಕ್ಷದ ಮೂರು ಜನ ನಿಂತರೆ ಒಬ್ಬೊಬ್ಬರಿಗೆ ಒಂದೊಂದು ಕಾಳು ಸಿಗ್ತದಂತೆ."

"ಅದು ಪಾಲಲ್ಲ, ಚೆಲ್ಲಿದ್ದು. ಮುಂದೆ."

"ವೇಣೂರಿನ ಚನಿಯಪ್ಪಣ್ಣ ಇಪ್ಪತ್ತಮೂರು ಜನಕ್ಕೆ ಸರಿಯಾಗಿ ಆಗ್ತದೆ ಅಂದರು. ಒಂದು ಕಾಳು ಮಾತ್ರ ಹೊರಗಿಂದ ತರಬೇಕಂತೆ."

ಬಸ್ಸಿಗೆ ಬಸ್ಸೇ ನಕ್ಕಿತು. ಅಜ್ಜಿ ನಗಲಿಲ್ಲ. "ಹೊರಗಿಂದ ತರುವುದಾದರೆ ನನ್ನ ಲೆಕ್ಕ ಎಂತಕ್ಕೆ? ಮನೆಯ ಅಕ್ಕಿಯಲ್ಲೇ ಮಾಡಿ ತೋರಿಸ್ಲಿಕ್ಕೆ ಹೇಳು."

ನಾನು ಕಿಟಕಿಯಲ್ಲಿ ಕುಳಿತು ಬೆರಗಾಗಿ ನೋಡುತ್ತಿದ್ದೆ. ಒಂದರಿಂದಲೂ ತನ್ನಿಂದ ತಾನೂ ಭಾಗ ಹೋಗುವುದನ್ನು ಲೆಕ್ಕಕ್ಕೆ ಹಿಡಿಯಬಾರದು ಎಂದು ನಮಗೆ ಕಾಲೇಜಿನಲ್ಲಿ ಒಂದು ಗಂಟೆ ಪಾಠ ಮಾಡಿದ್ದರು. ಅಜ್ಜಿ ಅದನ್ನು ಬಸ್ಸು ಹೊರಡುವುದರೊಳಗೆ ಮುಗಿಸಿದ್ದರು.

ಹೀಗೆ ಮೂರು ವಾರ ಕಳೆಯಿತು. ಲಕ್ಷದ ಮೂರು ಅಲುಗಲಿಲ್ಲ. ವೀಳ್ಯ ಬದಲಾಯಿಸುವ ದಿನ ಬೆಳಿಗ್ಗೆ ಹೋಳಿಗೆ ಬೇಯುವ ಪರಿಮಳದ ನಡುವೆ ನಾನು ಹಾಡಿಕೊಂಡು ಜಡೆ ಹೆಣೆಸಿಕೊಳ್ಳಲು ಕುಳಿತೆ. ಅಂಗಳದ ಚಪ್ಪರದಲ್ಲಿ ಎರಡೂ ಕಡೆಯವರು ತುಂಬಿದ್ದರು. ನಿತ್ಯಾನಂದರು ಹೊಸ ಅಂಗಿ ಹಾಕಿ, ಕಾಲರಿನ ಕೆಳಗೆ ಬೆರಳು ತೂರಿಸುತ್ತ ಕುಳಿತಿದ್ದರು. ಶೀನಪ್ಪ ಮಾವ ವೀಳ್ಯದೆಲೆ, ಅಡಿಕೆ, ತೆಂಗಿನಕಾಯಿ ಇಟ್ಟ ಹರಿವಾಣವನ್ನು ಎತ್ತಿದರು. ಪ್ರೇಮಾವತಿಯವರ ಅಣ್ಣ ಎದುರು ಕೈ ಚಾಚಿದರು.

ಆಗ ಬಂಟ್ವಾಳದ ಅಬ್ಬಾಸ್ ಬ್ಯಾರಿಗಳು ಗೇಟು ತೆರೆದು, ಬೆವರು ಒರೆಸುತ್ತ ಬಂದರು. ನಮ್ಮ ತೋಟದ ತೆಂಗಿನಕಾಯಿ ಕೊಳ್ಳುವವರು ಅವರೇ. ಅಜ್ಜಿಗಿಂತ ಹತ್ತು ವರ್ಷ ಚಿಕ್ಕವರು, ಅಜ್ಜಿ ನಂಬುವ ಏಕೈಕ ಲೆಕ್ಕಗಾರರು.

"ಅಮ್ಮ, ಸಿಕ್ಕಿತು!" ಎಂದರು. "ಇನ್ನೂರ ಎಪ್ಪತ್ತೊಂದು!"

ಹರಿವಾಣ ಗಾಳಿಯಲ್ಲೇ ನಿಂತಿತು. "ಕೆಳಗಿಡು ಶೀನಪ್ಪ," ಎಂದರು ಅಜ್ಜಿ.

"ಇನ್ನೂರ ಎಪ್ಪತ್ತೊಂದು ಪಾಲು ಮಾಡಿ, ಪಾಲಿಗೆ ಮುನ್ನೂರ ಅರವತ್ತೊಂಬತ್ತು. ಸಣ್ಣ ಸಂಖ್ಯೆ ಎಲ್ಲರೂ ನೋಡಿರ್ತಾರೆ ಅಂತ ನಾನು ಮುನ್ನೂರ ಹದಿನಾರರಿಂದ ಕೆಳಗೆ ಇಳಿದೆ ಅಮ್ಮ. ಮುನ್ನೂರ ಮೂರರಲ್ಲಿ ಹದಿಮೂರು ಉಳಿಯಿತು, ಬಿಟ್ಟೆ. ಇನ್ನೂರ ಎಪ್ಪತ್ತೇಳರಲ್ಲಿ ಆರು, ಅದನ್ನೂ ಬಿಟ್ಟೆ. ಇದು ಚೊಕ್ಕ ಕೂತಿತು."

ನಿತ್ಯಾನಂದರು ಎದ್ದು ನಿಂತಿದ್ದರು. "ಕೂರುವುದಿಲ್ಲ! ಗುಣಿಸಿದರೆ ತೊಂಬತ್ತೊಂಬತ್ತು ಸಾವಿರದ ಒಂಬೈನೂರ ತೊಂಬತ್ತೊಂಬತ್ತು ಆಗ್ತದೆ. ನಾಲ್ಕು ಉಳೀತದೆ."

"ಹೌದು, ನಾಲ್ಕು ಉಳೀತದೆ," ಅಬ್ಬಾಸ್ ಬ್ಯಾರಿಗಳು ಶಾಂತವಾಗಿ ಒಪ್ಪಿಕೊಂಡರು. "ಅದು ಕೊಸರು."

"ಕೊಸರಾ?"

"ಕೊಸರು ಮೇಷ್ಟ್ರೇ. ಎಣಿಸಿ ಮುಗಿದ ಮೇಲೆ ಉಳಿದದ್ದು, ಒಂದೊಂದು ಕೈಗೆ ಎರಡರಂತೆ ನಾಲ್ಕು ಕಾಯಿ ತನಕ, ಕೊಸರು. ಅದನ್ನು ಯಾರಾದರೂ ಲೆಕ್ಕಕ್ಕೆ ಹಿಡೀತಾರಾ? ರಾಶಿ ಪಾಲಾಯಿತು, ಮೇಲೆ ನಾಲ್ಕು ಉಳಿಯಿತು, ಕೊಂಡವನ ಚೀಲಕ್ಕೆ ಹಾಕಿ ಕೈ ತೊಳೆದುಕೊಳ್ಳುವುದು. ಲಕ್ಷದಲ್ಲಿ ನಾಲ್ಕು! ಅಮ್ಮ, ನೀವೇ ಹೇಳಿ. ನಲ್ವತ್ತು ವರ್ಷದಿಂದ ನಿಮ್ಮ ಅಂಗಳದಲ್ಲಿ ಕಾಯಿ ಎಣಿಸ್ತಾ ಇದ್ದೇನೆ. ನಾಲ್ಕು ಕಾಯಿ ಉಳಿದದ್ದಕ್ಕೆ ಪಾಲು ಆಗಲಿಲ್ಲ ಅಂತ ಒಂದು ಸಲವಾದರೂ ಹೇಳಿದ್ದೀರಾ?"

ಅಜ್ಜಿಯ ಮುಖದಲ್ಲಿ ನಿಜವಾದ ದುಃಖ ಕಾಣಿಸಿತು. "ಇಲ್ಲ," ಎಂದರು. "ಹೇಳಿಲ್ಲ. ಪಾಲಾಯಿತು ಅಂತಲೇ ಹೇಳಿದ್ದು."

ನಾನು ಒಳಗೆ ಬಾಗಿಲ ಚೌಕಟ್ಟು ಹಿಡಿದುಕೊಂಡೆ. ಅರವತ್ತೈದು ಭಾಗಾಕಾರ ಮಾಡಿದ ನನಗೆ, ಉಳಿದದ್ದನ್ನು ಯಾರಾದರೂ ಇಲ್ಲವೆಂದೇ ಬಿಟ್ಟುಬಿಡಬಹುದು ಎಂದು ಹೊಳೆದೇ ಇರಲಿಲ್ಲ.

"ಅಜ್ಜಿ, ಗಣಿತದಲ್ಲಿ ಕೊಸರು ಇಲ್ಲ," ಎಂದರು ನಿತ್ಯಾನಂದರು.

"ಮದುವೆ ಗಣಿತದಲ್ಲಿ ಆಗುವುದಿಲ್ಲ ಮೇಷ್ಟ್ರೇ, ಚಪ್ಪರದಲ್ಲಿ ಆಗುವುದು."

ಇಲ್ಲಿಗೆ ಸುಮ್ಮನಿರಬಹುದಿತ್ತು. ಅವರು ಸುಮ್ಮನಿರುವ ಜಾತಿಯವರಲ್ಲ. "ಹಾಗೆ ನಾಲ್ಕು ಬಿಟ್ಟು ನೋಡುವುದಾದರೆ ಪಾಲಾಗದ ಸಂಖ್ಯೆಯೇ ಲೋಕದಲ್ಲಿಲ್ಲ! ಯಾವ ಸಂಖ್ಯೆಯನ್ನೇ ತನ್ನಿ, ಎರಡರಿಂದ ಭಾಗಿಸಿದರೆ ಉಳಿಯುವುದು ಹೆಚ್ಚೆಂದರೆ ಒಂದು. ಎಲ್ಲವೂ ಪಾಲಾಗ್ತದೆ, ಪ್ರತಿಯೊಂದೂ!"

"ಕೇಳಿದಿರಾ," ಅಜ್ಜಿ ಚಪ್ಪರದ ಕಡೆಗೆ ತಿರುಗಿ ಹೇಳಿದರು. "ಅವರೇ ಹೇಳ್ತಾ ಇದ್ದಾರೆ."

ಪ್ರೇಮಾವತಿಯವರು ಹಣೆ ಚಚ್ಚಿಕೊಂಡರು. "ನಿನ್ನ ಬಾಯಿಗೆ ಒಂದು ಬೀಗ ಹಾಕಿಸಿ ಕರ್ಕೊಂಡು ಬರಬೇಕಿತ್ತು ಮಗ," ಎಂದು ಸೆರಗು ಸರಿಮಾಡಿಕೊಂಡು ಏಳತೊಡಗಿದರು. ಅವರ ಅಣ್ಣ ಚಪ್ಪಲಿ ಹುಡುಕಿದರು.

ಕರೆಯದೆ ಹೆಣ್ಣು ಚಪ್ಪರಕ್ಕೆ ಬರುವ ಕ್ರಮವಿಲ್ಲ. ನಾನು ಬಂದೆ. ಡಬ್ಬಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು, ಅರ್ಧ ಹೆಣೆದ ಜಡೆಯಲ್ಲೇ ಬಂದೆ. ಏನು ಹೇಳುತ್ತೇನೆ ಎಂದು ನನಗೆ ಪೂರ್ತಿ ಗೊತ್ತಿರಲಿಲ್ಲ. ಅಬ್ಬಾಸ್ ಬ್ಯಾರಿಗಳ ಎದುರು ನಿಂತು ಕೇಳಿದೆ:

"ಬ್ಯಾರಿಗಳೇ, ಅಜ್ಜಿಯ ಹಳೆಯ ಸಂಖ್ಯೆ ಲಕ್ಷದ ಒಂದು. ಹನ್ನೊಂದು ಪಾಲು ಮಾಡಿದರೆ ಕೊಸರು ಎಷ್ಟು?"

ಅವರು ಕಣ್ಣು ಕಿರಿದು ಮಾಡಿ ಲೆಕ್ಕ ಹಾಕಿದರು. "ಒಂಬತ್ತು ಸಾವಿರದ ತೊಂಬತ್ತೊಂದು... ಕೊಸರು... ಕೊಸರು ಇಲ್ಲವಲ್ಲ!"

"ಒಂದೂ ಇಲ್ಲವಾ?"

"ಒಂದೂ ಇಲ್ಲ ಮಗಳೇ."

"ಅಂಥ ಮನೆಯಿಂದ ನೀವು ಕಾಯಿ ತಗೊಳ್ತೀರಾ?"

"ಅಯ್ಯೋ, ಕೊಸರು ಬಿಡದ ಮನೆಯ ಮೆಟ್ಟಿಲು ಯಾರು ಹತ್ತುತ್ತಾರೆ?"

"ಈಗ ಲಕ್ಷದ ಮೂರು ತಗೊಳ್ಳಿ. ಎರಡರಿಂದ ಮುನ್ನೂರ ಹದಿನಾರರ ತನಕ ನಿಮಗೆ ಬೇಕಾದಷ್ಟು ಪಾಲು ಮಾಡಿ. ಕೊಸರು ಉಳಿಯದ ಒಂದೇ ಒಂದು ಪಾಲು ತೋರಿಸಿ. ಇಲ್ಲೇ ನಿಂತಿರ್ತೇನೆ."

ಚಪ್ಪರ ಗಲಗಲವೆಂದಿತು. ಏಳು ಪಾಲು ಎಂದು ಯಾರೋ ಕೂಗಿದರು. "ಒಂದು ಕೊಸರು!" ಎಂದರು ನಿತ್ಯಾನಂದರು. ಹನ್ನೊಂದು? "ಎರಡು!" ಎಂದೆ ನಾನು. ನಲ್ವತ್ತೊಂದು? "ನಾಲ್ಕು!" ಎಂದು ಇಬ್ಬರೂ ಒಟ್ಟಿಗೆ ಹೇಳಿ, ಒಬ್ಬರನ್ನೊಬ್ಬರು ನೋಡಿ, ನೆಲ ನೋಡಿದೆವು. ನೂರ ಒಂದು? "ಹದಿಮೂರು!" ಚಪ್ಪಲಿ ಹುಡುಕುತ್ತಿದ್ದವರು ಒಂದೇ ಚಪ್ಪಲಿಯಲ್ಲಿ ನಿಂತು "ಐವತ್ತೊಂಬತ್ತು?" ಎಂದು ಕೇಳಿದರು. "ಐವತ್ತೇಳು ಕೊಸರು!" ಎಂದಾಗ, "ಅದು ಕೊಸರಲ್ಲ ಮಾರಾಯ್ರೇ, ದಾನ!" ಎಂದು ಅಣ್ಣು ಕೂಗಿದ. ಬಸ್ಸನ್ನು ಗೇಟಿನ ಬಳಿ ಬಿಟ್ಟು ಪ್ರಯಾಣಿಕರ ಸಮೇತ ಅವನು ಯಾವಾಗ ಒಳಗೆ ಬಂದಿದ್ದನೋ ಯಾರೂ ನೋಡಿರಲಿಲ್ಲ.

ಅಬ್ಬಾಸ್ ಬ್ಯಾರಿಗಳು ಎರಡೂ ಕೈ ಮೇಲೆತ್ತಿದರು. "ಅಮ್ಮ, ಇಂಥ ಸಂಖ್ಯೆ ನಾನು ಕಂಡಿಲ್ಲ. ಎಷ್ಟು ಜನ ಬಂದು ಪಾಲು ಕೇಳಿದರೂ ಇದು ಕೊಸರು ಉಳಿಸಿಯೇ ಕಳಿಸ್ತದೆ."

ಅಜ್ಜಿಯ ಹುಬ್ಬು ಸ್ವಲ್ಪ ಸಡಿಲಾಯಿತು, ಆದರೂ ಅವರು ಬಿಡಲಿಲ್ಲ. "ಕೊಸರು ಉಳಿದರೆ ಏನಾಯಿತು? ರಾಶಿ ಬೇರೆ ಬೇರೆ ಆಯಿತಲ್ಲ."

ಇದಕ್ಕೆ ಉತ್ತರ ಬಂದದ್ದು ಶೀನಪ್ಪ ಮಾವನಿಂದ. ಅಜ್ಜಿಯ ಎದುರು ಮಾವ ಬಾಯಿ ತೆರೆದದ್ದನ್ನು ನಾನು ಅದುವರೆಗೆ ನೋಡಿರಲಿಲ್ಲ, ರಸ್ತೆಯ ವಿಷಯ ಬಿಟ್ಟು.

"ಅಮ್ಮ, ನಮ್ಮ ಮನೆ ಮೂರು ಪಾಲಾದಾಗ ಗದ್ದೆ ಪಾಲಾಯಿತು, ಪಾತ್ರೆ ಪಾಲಾಯಿತು, ಹಟ್ಟಿಯ ದನವೂ ಪಾಲಾಯಿತು. ದೈವದ ಕೋಣೆ ಮಾತ್ರ ಪಾಲು ಮಾಡ್ಲಿಕ್ಕೆ ಆಗದೆ ಹಾಗೇ ಉಳಿಯಿತು. ನನ್ನ ತಮ್ಮಂದಿರು ನನ್ನ ಹತ್ತಿರ ಮಾತಾಡುವುದಿಲ್ಲ. ಆದರೆ ದೈವಕ್ಕೆ ತಂಬಿಲ ಕೊಡುವ ದಿನ ಇಬ್ಬರೂ ಬಂದು ಅದರ ಎದುರು ನನ್ನ ಪಕ್ಕದಲ್ಲೇ ನಿಲ್ತಾರೆ. ಉಳಿದದ್ದಕ್ಕೇ ಬರುವುದು ಅವರು, ಪಾಲಾದದ್ದಕ್ಕಲ್ಲ." ಇಷ್ಟು ಹೇಳಿ ಮಾವ ಗಾಬರಿಯಾಗಿ, ತಾವು ಕೆಳಗಿಟ್ಟ ಹರಿವಾಣವನ್ನೇ ಮತ್ತೆ ಎತ್ತಿ ಎದೆಗೆ ಅಡ್ಡ ಹಿಡಿದುಕೊಂಡರು.

ಅಜ್ಜಿ ಮಗನನ್ನು ನೋಡಿದರು. ಆಮೇಲೆ ಡಬ್ಬಿಯನ್ನು ನೋಡಿದರು. ಅವರ ಹೊಟ್ಟೆ ಮೊದಲು ಅಲುಗಿತು. ಅನಂತರ ಭುಜ. ಕೊನೆಗೆ ಎಲೆಯಡಿಕೆ ತಿಂದು ಕೆಂಪಾದ ಬಾಯಿ ತೆರೆದು ಅಜ್ಜಿ ಗಹಗಹಿಸಿ ನಕ್ಕರು. "ವರ್ಷಗಟ್ಟಲೆ ಎಣಿಸಿ ಎಣಿಸಿ ಕೊಸರು ಇಲ್ಲದ ಅಕ್ಕಿ ಇಟ್ಟಿದ್ದೆನಲ್ಲ ನಾನು! ಇದೇ ಸರಿ. ಎಷ್ಟು ಎಳೆದರೂ ಏನಾದರೂ ಒಟ್ಟಿಗೆ ಉಳಿಯಬೇಕು. ತನ್ನಿ ಎರಡು ಕಾಳು."

ಅಡಿಗೆಮನೆಯಿಂದ ಒಂದು ಮುಷ್ಟಿ ಅಕ್ಕಿ ಬಂತು. ಅಜ್ಜಿ ಅದರಲ್ಲಿ ತುಂಡಾಗದ ಎರಡನ್ನು ಆರಿಸಿ, ಒಂದನ್ನು ನನ್ನ ಅಂಗೈಗೆ, ಒಂದನ್ನು ನಿತ್ಯಾನಂದರ ಅಂಗೈಗೆ ಹಾಕಿದರು. ನಿತ್ಯಾನಂದರ ಕಾಳು ಜಾರಿ ನೆಲಕ್ಕೆ ಬಿತ್ತು. ಎರಡೂ ಕಡೆಯ ಹಿರಿಯರು, ಅಬ್ಬಾಸ್ ಬ್ಯಾರಿಗಳು, ಬಸ್ಸಿನವರು, ಎಲ್ಲರೂ ಮೊಣಕಾಲೂರಿ ಸಗಣಿ ಸಾರಿಸಿದ ನೆಲದಲ್ಲಿ ಒಂದು ಅಕ್ಕಿಕಾಳು ಹುಡುಕತೊಡಗಿದರು. ಪ್ರೇಮಾವತಿಯವರ ಹಣೆಯೂ ಅಜ್ಜಿಯ ಹಣೆಯೂ ಢಿಕ್ಕಿ ಹೊಡೆದವು. ಕೊನೆಗೆ ಅದು ಸಿಕ್ಕಿದ್ದು ಅಣ್ಣುವಿನ ಹಿಮ್ಮಡಿಗೆ ಅಂಟಿಕೊಂಡು. ಅಜ್ಜಿ ಅದನ್ನು ಬೇಡವೆಂದು ಹೇಳಿ ಬೇರೆ ಕೊಟ್ಟರು. ನಾವಿಬ್ಬರೂ ಕಾಳುಗಳನ್ನು ಡಬ್ಬಿಗೆ ಹಾಕಿದೆವು. ಸದ್ದೇ ಆಗಲಿಲ್ಲ.

"ಆಯಿತು. ಲಕ್ಷದ ಮೂರು," ಎಂದು ಅಜ್ಜಿ ಮುಚ್ಚಳ ಒತ್ತಿದರು. ಆಮೇಲೆ, ಏನೋ ನೆನಪಾದವರಂತೆ, ಸಣ್ಣ ದನಿಯಲ್ಲಿ ಹೇಳಿದರು: "ಎಣಿಸುವಾಗ ಒಮ್ಮೊಮ್ಮೆ ತೂಕಡಿಸ್ತಾ ಇದ್ದೆ ನಾನು. ಮೊದಲು ಹಾಕಿದ್ದು ಸರಿಯಾಗಿ ಲಕ್ಷವೇ ಇತ್ತು ಅಂತ ಹೇಗೆ ಹೇಳುವುದು?"

ನಿತ್ಯಾನಂದರ ಕಣ್ಣು ಹೊಳೆದವು. ತುಟಿ ಅಲುಗಿತು. ಆ ತುಟಿ ಅಲುಗುವುದರ ಅರ್ಥ ನನಗೆ ಆಗಲೇ ತಿಳಿದಿತ್ತು. ಅವರು ಉಸಿರೆಳೆದು ಬಾಯಿ ತೆರೆದರು.

ನಾನು ಪಕ್ಕದ ತಟ್ಟೆಯಿಂದ ಒಂದು ಇಡೀ ಹೋಳಿಗೆಯನ್ನು ಮಡಚಿ ಆ ಬಾಯಿಗೆ ತುರುಕಿದೆ.

ಅವರು ಮಾತಾಡಲು ನೋಡಿದರು, ಆಗಲಿಲ್ಲ. ಅಗಿದರು. ಅಗಿಯುತ್ತ ಅಗಿಯುತ್ತ ನನ್ನನ್ನು ನೋಡಿದರು, ಕಣ್ಣಿನಲ್ಲಿ ನೀರು ತುಂಬುವಷ್ಟು ನಗು ಬಂದಿತ್ತು.

"ಇವಳು ಕಲಿತಳು," ಎಂದು ಪ್ರೇಮಾವತಿಯವರು ದೊಡ್ಡ ಉಸಿರು ಬಿಟ್ಟರು. "ನನಗೆ ಇಪ್ಪತ್ತೇಳು ವರ್ಷದಿಂದ ಆಗದೆ ಇದ್ದದ್ದು."

"ಇನ್ನೊಂದು ಹೋಳಿಗೆ ಕೈಯಲ್ಲೇ ಇಟ್ಟುಕೊಂಡಿರು ಮಗ," ಎಂದರು ಅಜ್ಜಿ ನನಗೆ. "ಶೀನಪ್ಪ, ಎಂತ ನೋಡ್ತಾ ಇದ್ದೀ? ಅದು ಮುಗಿಯುವುದರೊಳಗೆ ವೀಳ್ಯ ಬದಲಾಯಿಸು!"